ತಟ್ಟೆಯಲ್ಲಿ ಮತ್ತೇನಿದೆ?

(ಹಿರಿಯ ನಾಗರಿಕರ ಬಳಗವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದೆ.)

ಎಲ್ಲರಿಗೂ ನಮಸ್ಕಾರ.

ಪ್ರಶ್ನೆಗಳಿದ್ದರೆ ಮೊದಲೇ ಚೀಟಿಯಲ್ಲಿ ಬರೆದುಕೊಡಿ ಅಂತ ಕಾರ್ಯದರ್ಶಿಗಳು ಹೇಳಿದ್ದರಂತೆ. ಒಂದು ಕಟ್ಟು ಚೀಟಿ ನನ್ನ ಕೈಗೆ ಬಂದಿದೆ. ಕೆಲವನ್ನು ಓದುತ್ತೇನೆ. "ಶುಗರ್ ಇರುವವರು ಬಾಳೆಹಣ್ಣು ತಿನ್ನಬಹುದೇ?" "ತುಪ್ಪ ಒಳ್ಳೆಯದೋ ಕೆಟ್ಟದ್ದೋ?" "ಸಕ್ಕರೆ ಬದಲು ಬೆಲ್ಲ ಹಾಕಿಕೊಂಡರೆ ಪರವಾಗಿಲ್ಲವೇ?" "ನವಣೆ ಅನ್ನ ಉಂಡರೆ ಡಯಾಬಿಟಿಸ್ ವಾಸಿಯಾಗುತ್ತದಂತೆ, ನಿಜವೇ?" "ದಿನಕ್ಕೆ ಎಷ್ಟು ಬಾದಾಮಿ?"

ಒಂದೊಂದು ಚೀಟಿಯಲ್ಲೂ ಒಂದೊಂದು ಪದಾರ್ಥ. "ಬೆಳಗ್ಗೆಯಿಂದ ರಾತ್ರಿವರೆಗೆ ನಾನು ತಿನ್ನುವುದು ಇಷ್ಟು, ಒಟ್ಟಿನಲ್ಲಿ ಇದು ಹೇಗಿದೆ?" ಅಂತ ಯಾರೂ ಕೇಳಿಲ್ಲ. ನಿಮ್ಮನ್ನು ದೂರುತ್ತಿಲ್ಲ. ಪೇಪರಿನವರು, ವಾಟ್ಸಾಪಿನವರು, ಡಾಕ್ಟರುಗಳಾದ ನಾವು, ಎಲ್ಲರೂ ಸೇರಿ ಹೀಗೆ ಕೇಳುವುದನ್ನು ಕಲಿಸಿದ್ದೇವೆ. ಪೋಷಣೆಯ ವಿಜ್ಞಾನ ಕೂಡ ಬಹಳ ಕಾಲ ಇದೇ ದಾರಿಯಲ್ಲಿ ನಡೆಯಿತು, ಅದಕ್ಕೆ ಕಾರಣವೂ ಇತ್ತು. ಸಿ ಜೀವಸತ್ವ ಇಲ್ಲದಿದ್ದರೆ ಸ್ಕರ್ವಿ, ಬಿ1 ಇಲ್ಲದಿದ್ದರೆ ಬೆರಿಬೆರಿ, ಅಯೋಡಿನ್ ಇಲ್ಲದಿದ್ದರೆ ಗಳಗಂಡ. ರೋಗ ಒಂದು, ಕೊರತೆ ಒಂದು, ಅದನ್ನು ಕೊಟ್ಟರೆ ವಾಸಿ. ಎಷ್ಟೋ ಜೀವ ಉಳಿಸಿದ ಲೆಕ್ಕಾಚಾರ ಅದು. ಆದರೆ ಬಿಪಿ, ಶುಗರ್, ಹೃದಯದ ಕಾಯಿಲೆ ಈ ಲೆಕ್ಕಕ್ಕೆ ಬಗ್ಗುವುದಿಲ್ಲ.

ಬಗ್ಗುವುದಿಲ್ಲ ಅನ್ನುವುದು ಚೆನ್ನಾಗಿ ಗೊತ್ತಾದದ್ದು ಫಿನ್ಲೆಂಡಿನಲ್ಲಿ. ತರಕಾರಿ, ಹಣ್ಣು ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಆ ಹೊತ್ತಿಗೆ ಹಲವು ಅಧ್ಯಯನಗಳು ಹೇಳಿದ್ದವು. ಹಾಗಾದರೆ ತರಕಾರಿಯಲ್ಲಿರುವ ಯಾವುದು ಕಾಪಾಡುತ್ತಿದೆ? ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಇರಬೇಕು ಅಂತ ಊಹಿಸಿದರು. ಊಹೆ ಅಸಂಬದ್ಧವೇನಲ್ಲ, ತರಕಾರಿ ತಿನ್ನುವವರ ರಕ್ತದಲ್ಲಿ ಅದು ಹೆಚ್ಚಾಗಿಯೇ ಇತ್ತು. ಸಿಗರೇಟು ಸೇದುವ 29,133 ಗಂಡಸರನ್ನು ಸೇರಿಸಿಕೊಂಡು, ಕೆಲವರಿಗೆ ಬೀಟಾ ಕ್ಯಾರೋಟಿನ್ ಮಾತ್ರೆ, ಕೆಲವರಿಗೆ ಏನೂ ಇಲ್ಲದ ಹುಸಿ ಮಾತ್ರೆ, ಹೀಗೆ ಐದರಿಂದ ಎಂಟು ವರ್ಷ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಸರಿಯಾಗಿ ಕೇಳಿಸಿಕೊಳ್ಳಿ, ಹೆಚ್ಚಾಗಿತ್ತು. ಅಮೆರಿಕದಲ್ಲಿ ಇಂಥದೇ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಅಲ್ಲೂ ಇದೇ ಕಥೆಯಾಗಿ, 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿಬಿಟ್ಟರು.

ಅದೇ ಫಿನ್ಲೆಂಡಿನ ಪೂರ್ವದ ಅಂಚಿನಲ್ಲಿ ಉತ್ತರ ಕರೇಲಿಯಾ ಅಂತ ಒಂದು ಪ್ರಾಂತ್ಯ ಇದೆ. ಕಾಡು, ಸರೋವರ, ದನ ಸಾಕುವ ಜನ. 1958ರಲ್ಲಿ ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ ಏಳು ದೇಶಗಳಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಹೃದಯಾಘಾತದ ಸಾವು ಅತಿ ಹೆಚ್ಚು ಕಂಡದ್ದು ಪೂರ್ವ ಫಿನ್ಲೆಂಡಿನಲ್ಲಿ. ಮೈಮುರಿದು ದುಡಿಯುವ ಗಂಡಸರು ನಲವತ್ತು, ಐವತ್ತಕ್ಕೆಲ್ಲ ಎದೆ ಹಿಡಿದುಕೊಂಡು ಬೀಳುತ್ತಿದ್ದರು. ದುಡಿಮೆ ಇದ್ದರೆ ಏನು ತಿಂದರೂ ಕರಗುತ್ತದೆ ಅನ್ನುವವರಿಗೆ ನಾನು ಈ ಪ್ರಾಂತ್ಯದ ಹೆಸರು ಹೇಳುತ್ತೇನೆ. 1971ರಲ್ಲಿ ಅಲ್ಲಿನವರೇ ಸರ್ಕಾರಕ್ಕೆ ಮನವಿ ಕೊಟ್ಟರು, ಏನಾದರೂ ಮಾಡಿ ಅಂತ. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಎಳೆಯ ವಯಸ್ಸಿನ ವೈದ್ಯರ ಕೈಗೆ ಆ ಕೆಲಸ ಬಂತು.

ಪುಸ್ಕಾ ಅವರು ಮಾತ್ರೆ ಹಂಚಲಿಲ್ಲ. ಅಲ್ಲಿನ ಊಟ ಏನು ನೋಡಿ: ಬ್ರೆಡ್ಡಿನ ಮೇಲೆ ದಪ್ಪಗೆ ಬೆಣ್ಣೆ, ಲೋಟಗಟ್ಟಲೆ ಗಟ್ಟಿ ಹಾಲು, ಕೊಬ್ಬಿನ ಮಾಂಸ, ಧಾರಾಳ ಉಪ್ಪು. ತರಕಾರಿ ಅಂದರೆ ದನದ ಮೇವು ಅನ್ನುವ ಭಾವನೆ. ಇವರು ನೇರ ಅಡುಗೆಮನೆಗೆ ಹೋದರು. ಮಾರ್ಥಾ ಅಂತ ಅಲ್ಲಿ ಗೃಹಿಣಿಯರ ಹಳೆಯ ಸಂಘಟನೆ. ಆ ಹೆಂಗಸರು ಊರೂರಲ್ಲಿ ಕೂಟ ನಡೆಸಿ, ತಮ್ಮ ಹಳೆಯ ಅಡುಗೆಯನ್ನೇ ಕೊಬ್ಬು ಕಡಿಮೆ, ಉಪ್ಪು ಕಡಿಮೆ, ತರಕಾರಿ ಜಾಸ್ತಿ ಮಾಡಿ ಬೇಯಿಸಿ ಎಲ್ಲರಿಗೂ ಬಡಿಸಿದರು. ಸಾಸೇಜು ಮಾಡುವವರನ್ನು ಒಪ್ಪಿಸಿ ಕೊಬ್ಬಿನ ಒಂದಷ್ಟು ಪಾಲಿಗೆ ಅಣಬೆ ಹಾಕಿಸಿದರು. ಬೆಣ್ಣೆಗೆ ಬೇಡಿಕೆ ಇಳಿದಾಗ ಹೈನುಗಾರರು ಸುಮ್ಮನಿರುತ್ತಾರೆಯೇ? ಅವರಲ್ಲಿ ಕೆಲವರು ಬೆರಿ ಹಣ್ಣಿನ ಬೆಳೆಗೆ ಹೊರಳಿದರು. ಕೊಲೆಸ್ಟರಾಲ್ ಇಳಿಸುವುದರಲ್ಲಿ ಊರೂರಿಗೆ ಪೈಪೋಟಿ ಕೂಡ ಇಟ್ಟರು. ನಾಲ್ಕು ದಶಕದಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು. ಸಿಗರೇಟು ಬಿಟ್ಟದ್ದು, ಬಿಪಿಗೆ ಔಷಧ ಬಂದದ್ದು, ಆಸ್ಪತ್ರೆ ಸುಧಾರಿಸಿದ್ದು ಎಲ್ಲ ಅದರಲ್ಲಿ ಸೇರಿದೆ. ಆದರೂ ದೊಡ್ಡ ಪಾಲು ರಕ್ತದ ಕೊಲೆಸ್ಟರಾಲ್ ಇಳಿದದ್ದರದು, ಅದು ಇಳಿದದ್ದು ಮುಖ್ಯವಾಗಿ ಊಟದಿಂದ.

ಒಂದೇ ದೇಶ. ತರಕಾರಿಯೊಳಗಿನ ಒಂದು ವಸ್ತುವನ್ನು ಹೆಕ್ಕಿ ಮಾತ್ರೆ ಮಾಡಿ ಕೊಟ್ಟರೆ ಅನಾಹುತವಾಯಿತು. ಇಡೀ ತಟ್ಟೆ ಬದಲಾದಾಗ ಸಾವೇ ಹಿಂದೆ ಸರಿಯಿತು.

ಬಿಪಿಯವರು ಇಲ್ಲಿ ಬಹಳ ಜನ ಇದ್ದೀರಿ, ಆದ್ದರಿಂದ ಡ್ಯಾಶ್ ಅನ್ನುವ ಪ್ರಯೋಗದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1997ರಲ್ಲಿ ಪ್ರಕಟವಾದದ್ದು, ಅಮೆರಿಕದ್ದು. 459 ಜನ. "ಏನು ತಿಂದಿರಿ" ಅಂತ ಕೇಳಿ ಬರೆದುಕೊಂಡ ಅಧ್ಯಯನ ಅಲ್ಲ ಇದು. ಊಟವನ್ನು ತಾವೇ ಬೇಯಿಸಿ ಕೊಟ್ಟರು. ಒಂದು ಗುಂಪಿಗೆ ಅಮೆರಿಕದವರ ಮಾಮೂಲಿ ಊಟ. ಇನ್ನೊಂದು ಗುಂಪಿಗೆ ಅದೇ ಊಟ, ಆದರೆ ಹಣ್ಣು ತರಕಾರಿ ಹೆಚ್ಚು. ಮೂರನೆಯದಕ್ಕೆ ಹಣ್ಣು ತರಕಾರಿಯ ಜೊತೆ ಕೆನೆ ತೆಗೆದ ಹಾಲು ಮೊಸರು, ಇಡಿ ಧಾನ್ಯ, ಕಾಳು, ಬೀಜ, ಮೀನು, ಕೋಳಿ. ಕೆಂಪು ಮಾಂಸ, ಸಿಹಿ, ಜಿಡ್ಡು ಕಡಿಮೆ. ಮೂರಕ್ಕೂ ಉಪ್ಪು ಒಂದೇ ಅಳತೆ. ಯಾರ ತೂಕವೂ ಇಳಿಯದ ಹಾಗೆ, ಏರದ ಹಾಗೆ ನೋಡಿಕೊಂಡರು. ಎಂಟು ವಾರ ಕಳೆದಾಗ, ಮಾಮೂಲಿ ಊಟದವರಿಗೆ ಹೋಲಿಸಿದರೆ, ಹಣ್ಣು ತರಕಾರಿ ಗುಂಪಿನ ಮೇಲಿನ ಬಿಪಿ ಸುಮಾರು 3 ಪಾಯಿಂಟ್ ಇಳಿದಿತ್ತು, ಮೂರನೆಯ ಗುಂಪಿನದು 5.5. ಆ ಗುಂಪಿನಲ್ಲೂ ಮೊದಲೇ ಬಿಪಿ ಇದ್ದವರಿಗೆ 11 ದಾಟಿತ್ತು. ಒಂದು ಬಿಪಿ ಮಾತ್ರೆಯಿಂದ ನಾವು ನಿರೀಕ್ಷಿಸುವುದು ಹೆಚ್ಚು ಕಡಿಮೆ ಇಷ್ಟೇ. ಹಾಗಂತ ನಾಳೆಯಿಂದ ಮಾತ್ರೆ ಬಿಡಬೇಡಿ, ದಯವಿಟ್ಟು.

ಇಳಿಸಿದ್ದು ಯಾವುದು? ಪೊಟ್ಯಾಸಿಯಮ್ಮೇ, ಮೆಗ್ನೀಸಿಯಮ್ಮೇ, ಕ್ಯಾಲ್ಸಿಯಮ್ಮೇ, ನಾರೇ? ಒಂದೊಂದನ್ನೇ ಮಾತ್ರೆಯಾಗಿ ಕೊಟ್ಟ ಪ್ರಯೋಗಗಳಲ್ಲಿ ಇಷ್ಟು ಇಳಿತ ಸಿಕ್ಕಿರಲಿಲ್ಲ. ಒಟ್ಟಿಗೆ ತಟ್ಟೆಯಲ್ಲಿ ಬಂದಾಗ ಸಿಕ್ಕಿತು. ನಾಲ್ಕು ವರ್ಷದ ಮೇಲೆ, 2001ರಲ್ಲಿ, ಇದೇ ಊಟದ ಜೊತೆ ಉಪ್ಪನ್ನೂ ಇಳಿಸಿ ನೋಡಿದರು. ಬಿಪಿ ಇನ್ನೂ ಇಳಿಯಿತು.

ಮೆಡಿಟರೇನಿಯನ್ ಊಟ ಅಂತ ನೀವು ಕೇಳಿರುತ್ತೀರಿ. ಅದರ ಹೆಸರಾಂತ ಪ್ರಯೋಗ ಸ್ಪೇನಿನದು, ಹೆಸರು ಪ್ರೆಡಿಮೆಡ್, 2013ರಲ್ಲಿ ಬಂದದ್ದು. ಆಲಿವ್ ಎಣ್ಣೆ, ಬೀಜಗಳ ಜೊತೆ ಆ ಊಟ ಉಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥವು ಸುಮಾರು ಶೇ 30 ಕಡಿಮೆ. ಆಮೇಲೆ ನೋಡಿದರೆ ಕೆಲವು ಕಡೆ ಚೀಟಿ ಎತ್ತಿ ಗುಂಪು ಮಾಡುವುದರಲ್ಲೇ ಎಡವಟ್ಟಾಗಿತ್ತು. ಮನೆಯಲ್ಲಿ ಗಂಡನಿಗೆ ಬಂದ ಗುಂಪಿಗೇ ಹೆಂಡತಿಯನ್ನೂ ಸೇರಿಸಿಬಿಟ್ಟಂಥ ಕೆಲಸ. 2018ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆದು, ಲೆಕ್ಕ ಮತ್ತೆ ಹಾಕಿ, ತಗ್ಗಿದ ದನಿಯಲ್ಲಿ ಮರುಪ್ರಕಟಿಸಿದರು. ಉತ್ತರ ಹೆಚ್ಚು ಬದಲಾಗಲಿಲ್ಲ. ಆಹಾರದ ಅಧ್ಯಯನ ಮಾತ್ರೆಯ ಅಧ್ಯಯನದಷ್ಟು ಸಲೀಸಲ್ಲ ಅನ್ನುವುದು ಗೊತ್ತಿರಲಿ ಅಂತ ಈ ಮಾತು ಹೇಳಿದೆ.

ಈಗ ನಿಮ್ಮ ತುಪ್ಪದ ಪ್ರಶ್ನೆ. ನಾನು ತಿರುಗಿ ಕೇಳುತ್ತೇನೆ: ಯಾವುದರ ಬದಲು? ಹೊಟ್ಟೆ ಅಳತೆಯದು, ಒಂದು ಒಳಗೆ ಹೋದರೆ ಇನ್ನೊಂದು ಹೊರಗುಳಿಯುತ್ತದೆ. ಬೆಣ್ಣೆ ತುಪ್ಪ ಕಡಿಮೆ ಮಾಡಿ ಆ ಜಾಗಕ್ಕೆ ಸೂರ್ಯಕಾಂತಿ, ಸೋಯಾ, ಶೇಂಗಾ ಥರದ ಎಣ್ಣೆ, ಬೀಜ ಬಂದರೆ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ, ಹೃದಯಕ್ಕೆ ಲಾಭ. ತುಪ್ಪ ಬಿಟ್ಟೆ ಅಂತ ಹೇಳಿ ಆ ಜಾಗಕ್ಕೆ ರಸ್ಕು, ಬನ್ನು, 'ಫ್ಯಾಟ್ ಫ್ರೀ' ಅಂತ ಬರೆದ ಬಿಸ್ಕತ್ತು ಬಂದರೆ ಲಾಭ ಸೊನ್ನೆ. ಅಮೆರಿಕದಲ್ಲಿ ಎಂಬತ್ತರ ದಶಕದಿಂದ ಕೊಬ್ಬಿನ ಮೇಲೆ ಯುದ್ಧ ಸಾರಿದಾಗ ಅಂಗಡಿ ತುಂಬಿದ್ದು ಇಂಥವೇ ಪೊಟ್ಟಣಗಳು. ಬೆಲ್ಲದ ಪ್ರಶ್ನೆಗೂ ಇದೇ ಉತ್ತರ: ಸಕ್ಕರೆ ಹೋದ ಜಾಗಕ್ಕೆ ಸಕ್ಕರೆಯೇ ಬಂದಿದೆ, ಬಣ್ಣ ಬೇರೆ.

ಪೊಟ್ಟಣದ ಮಾತು ಬಂದದ್ದರಿಂದ ಇನ್ನೊಂದು ಪ್ರಯೋಗ. 2019ರಲ್ಲಿ ಪ್ರಕಟವಾದದ್ದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ನಾಲ್ಕು ವಾರ ಅಲ್ಲೇ ಉಳಿಸಿಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿಂಡಿ ಊಟ, ಎರಡು ವಾರ ಅಡುಗೆಮನೆಯಲ್ಲಿ ಬೇಯಿಸಿದ್ದು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡೂ ಕಡೆ ಸರಿಸಮ. ಬೇಕಾದಷ್ಟು ತಿನ್ನಿ, ಬೇಡವಾದರೆ ಬಿಡಿ ಅಂದರು. ಕಾರ್ಖಾನೆ ಊಟದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಒಂದು ಕಿಲೋಗೆ ಹತ್ತಿರ ತೂಕ ಏರಿತು. ಇನ್ನೊಂದರಲ್ಲಿ ಅಷ್ಟೇ ಇಳಿಯಿತು. ತಿನ್ನುವ ವೇಗ ಹೆಚ್ಚಾಗಿದ್ದದ್ದು ಕಣ್ಣಿಗೆ ಬಿದ್ದ ಒಂದು ವ್ಯತ್ಯಾಸ: ಮೆತ್ತಗಿನದು, ಅಗಿಯುವ ಕೆಲಸವಿಲ್ಲ, ಸಾಕು ಅನಿಸುವಷ್ಟರಲ್ಲಿ ತಟ್ಟೆ ಖಾಲಿ. ಕೊರೆದು ಕಚ್ಚಿ ತಿನ್ನುವ ಜೋಳದ ರೊಟ್ಟಿಗೂ ಬಾಯಲ್ಲಿ ಕರಗುವ ಬನ್ನಿಗೂ ಇರುವ ಅಂತರ ಬರೀ ಹಿಟ್ಟಿನದಲ್ಲ.

ಇನ್ನು ನಮ್ಮ ಮನೆಗೆ ಬರೋಣ. ಊಟವನ್ನು ಇಡಿಯಾಗಿ ಪರೀಕ್ಷಿಸುವ ಯೋಚನೆ ಸುಮಾರು ನೂರು ವರ್ಷದ ಹಿಂದೆ ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲೇ ನಡೆದಿತ್ತು ಅಂದರೆ ಆಶ್ಚರ್ಯವಾಗಬಹುದು. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಬ್ರಿಟಿಷ್ ವೈದ್ಯರು ಅಲ್ಲಿ ಬೆರಿಬೆರಿಯನ್ನು ಅರಿಯಲೆಂದು ಒಂದು ಪುಟ್ಟ ಘಟಕ ತೆರೆದರು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಮೆಕ್‌ಕ್ಯಾರಿಸನ್ ಎಳೆ ಇಲಿಗಳನ್ನು ಏಳು ಗುಂಪು ಮಾಡಿ, ದೇಶದ ಏಳು ಜನಸಮುದಾಯಗಳ ಊಟವನ್ನು ಒಂದೊಂದು ಗುಂಪಿಗೆ ಹಾಕಿದರು. ಬೆಳವಣಿಗೆಯಲ್ಲಿ ಸಿಖ್ಖರ ಊಟ ಉಂಡ ಇಲಿಗಳು ಮೊದಲು: ಇಡಿ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಹಸಿ ತರಕಾರಿ. ಆಮೇಲೆ ಪಠಾಣರು, ಮರಾಠರು, ಗೂರ್ಖರು. ಐದನೆಯ ಜಾಗ ಕನ್ನಡಿಗರ ಊಟಕ್ಕೆ. ನಗಬೇಡಿ, ಬಂಗಾಳಿ ಮತ್ತು ಮದ್ರಾಸಿ ನಮ್ಮ ಹಿಂದಿದ್ದವು. ಬಿಳಿ ಅಕ್ಕಿ ತಟ್ಟೆ ತುಂಬಿ, ಹಾಲು ಬೇಳೆ ಸೊಪ್ಪು ನೆಪಕ್ಕೆ ಬಿದ್ದ ಕಡೆ ಇಲಿಗಳು ಸೊರಗಿದವು. ಎಳೆ ಇಲಿ ಬೆಳೆಯುವುದು ಬೇರೆ, ಐವತ್ತು ದಾಟಿದ ಮನುಷ್ಯನಿಗೆ ಶುಗರ್ ಬಾರದಿರುವುದು ಬೇರೆ. ಅಲ್ಲದೆ ಇವತ್ತಿನ ಪಂಜಾಬಿನವರಿಗೇನೂ ಹೃದಯದ ಕಾಯಿಲೆ ಕಡಿಮೆ ಇಲ್ಲ. ಆದರೆ ಪ್ರಶ್ನೆ ಕೇಳಿದ ರೀತಿ ಮೆಚ್ಚಬೇಕಾದ್ದು. ಒಂದು ಪದಾರ್ಥ ಹಿಡಿಯಲಿಲ್ಲ, ಊಟವನ್ನೇ ಹಿಡಿದರು.

ಈಗ ಲೆಕ್ಕ ಬೇರೆ. 2023ರಲ್ಲಿ ಐಸಿಎಂಆರ್-ಇಂಡಿಯಾಬ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಡಯಾಬಿಟಿಸ್ ಸಮೀಕ್ಷೆ, ಹೇಳಿದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಅದೇ ಸಮೀಕ್ಷೆಯ ಊಟದ ಭಾಗ 2025ರಲ್ಲಿ ಹೊರಬಂತು. ನಮ್ಮ ದಿನದ ಕ್ಯಾಲೊರಿಯಲ್ಲಿ ಶೇ 62 ಬರುತ್ತಿರುವುದು ಪಿಷ್ಟ, ಸಕ್ಕರೆಗಳಿಂದ. ಸಿರಿಧಾನ್ಯ ಮುಖ್ಯ ಆಹಾರವಾಗಿ ಉಳಿದಿರುವ ಮೂರು ರಾಜ್ಯಗಳಲ್ಲಿ ನಮ್ಮದೂ ಒಂದು, ಉಳಿದವು ಮಹಾರಾಷ್ಟ್ರ, ಗುಜರಾತ್. ಇಲ್ಲಿಯವರೆಗೆ ಹೆಮ್ಮೆ ಪಡೋಣ. ಮುಂದಿನ ಮಾತು ನವಣೆ ಕೇಳಿದವರಿಗೆ: ಬಿಳಿ ಅಕ್ಕಿ ಬಿಟ್ಟು ಇಡಿ ಗೋಧಿಗೋ ಸಿರಿಧಾನ್ಯಕ್ಕೋ ಹೊರಳಿದರೂ, ಒಟ್ಟು ಪಿಷ್ಟ ಇಳಿಯದಿದ್ದರೆ ಡಯಾಬಿಟಿಸ್ ಅಪಾಯ ಕಡಿಮೆಯಾದದ್ದು ಅದರಲ್ಲಿ ಕಾಣಲಿಲ್ಲ. ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ 5ರಷ್ಟನ್ನು ಪಿಷ್ಟದಿಂದ ಕಾಳು ಬೇಳೆ ಅಥವಾ ಹಾಲು ಮೊಸರಿನ ಪ್ರೋಟೀನಿಗೆ ಬದಲಾಯಿಸಿದ ಲೆಕ್ಕದಲ್ಲಿ ಅಪಾಯ ತಗ್ಗಿತ್ತು. ಇದು ಒಂದು ಹೊತ್ತಿನ ಸಮೀಕ್ಷೆ, ಅದೇ ಜನರನ್ನು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ್ದಲ್ಲ, ಆ ಮಿತಿ ಅದಕ್ಕಿದೆ. ಆದರೆ ನಮ್ಮ ಕ್ಲಿನಿಕ್ಕುಗಳಲ್ಲಿ ಕಾಣುವುದಕ್ಕೆ ಇದು ಹೊಂದುತ್ತದೆ.

ರಾಗಿಯನ್ನು ಹಳಿಯುತ್ತಿಲ್ಲ, ನಾನೂ ಮುದ್ದೆಯವನೇ. ಅಕ್ಕಿಗಿಂತ ನಾರು ಹೆಚ್ಚು, ಕ್ಯಾಲ್ಸಿಯಂ ವಿಷಯದಲ್ಲಿ ಅದರ ಮುಂದೆ ನಿಲ್ಲುವ ಧಾನ್ಯವಿಲ್ಲ. ಆದರೆ 100 ಗ್ರಾಂ ರಾಗಿಯಲ್ಲೂ ಮೂರನೇ ಎರಡು ಭಾಗ ಪಿಷ್ಟವೇ. ಹಿಟ್ಟಂ ತಿಂದು ಬೆಟ್ಟಂ ಕಿತ್ತಿಟ್ಟಂ ಅನ್ನುತ್ತೇವಲ್ಲ, ಗಾದೆಯ ಎರಡನೇ ಅರ್ಧವನ್ನು ನಾವೆಲ್ಲ ಬಿಟ್ಟು ಕೂತಿದ್ದೇವೆ.

ನಿವೃತ್ತರ ಮನೆಯ ಒಂದು ದಿನ ತೆಗೆದುಕೊಳ್ಳಿ. ಆರು ಗಂಟೆಗೆ ಕಾಫಿ, ಎರಡು ಬಿಸ್ಕತ್ತು. ತಿಂಡಿಗೆ ಸೋಮವಾರ ಇಡ್ಲಿ, ಮಂಗಳವಾರ ಉಪ್ಪಿಟ್ಟು, ಬುಧವಾರ ಚಿತ್ರಾನ್ನ, ಗುರುವಾರ ಅವಲಕ್ಕಿ, ಶುಕ್ರವಾರ ದೋಸೆ. ಹೆಸರು ಐದು, ಒಂದು ರವೆ ಬಿಟ್ಟರೆ ಮಿಕ್ಕದ್ದೆಲ್ಲ ಅಕ್ಕಿ. ಇಡ್ಲಿ ದೋಸೆಗೆ ಒಂದಿಷ್ಟು ಉದ್ದು ಸೇರುತ್ತದೆ, ಅಷ್ಟು ಪುಣ್ಯ. ಮಧ್ಯಾಹ್ನ ಅನ್ನ ಸಾರು, ಆಮೇಲೆ ಅನ್ನ ಮಜ್ಜಿಗೆ, ಪಲ್ಯ ಎರಡು ಚಮಚ. ಸಂಜೆ ಮತ್ತೆ ಕಾಫಿ, ಜೊತೆಗೆ ಮಂಡಕ್ಕಿಯೋ ರಸ್ಕೋ. ರಾತ್ರಿ "ಶುಗರ್ ಇದೆ ಡಾಕ್ಟ್ರೇ, ಅನ್ನ ಬಿಟ್ಟಿದ್ದೀನಿ" ಅಂತ ಮೂರು ಚಪಾತಿ, ಆಲೂಗಡ್ಡೆ ಪಲ್ಯ. ಕೊನೆಗೆ ಮೊಸರಿಗೆ ಅಂತ ಒಂದೇ ಒಂದು ತುತ್ತು ಅನ್ನ. ಇದರಲ್ಲಿ ಯಾವ ಪದಾರ್ಥವೂ ವಿಷವಲ್ಲ. ಒಟ್ಟು ಮೊತ್ತ ನೋಡಿ.

"ಬೇಳೆ ದಿನಾ ತಿಂತೀವಲ್ಲ, ಸಾರಿಲ್ವಾ?" ಅಂತ ಕೇಳುತ್ತೀರಿ. ನಾಲ್ಕು ಜನರ ತಿಳಿಸಾರಿಗೆ ಎಷ್ಟು ಬೇಳೆ ಹಾಕುತ್ತೀರಿ? ಎರಡು ಹಿಡಿ, ಅಂದರೆ 60 ಗ್ರಾಂ. ಅದರಲ್ಲಿ ಪ್ರೋಟೀನು 13, 14 ಗ್ರಾಂ. ತಲೆಗೆ ಮೂರು ಗ್ರಾಂ ಚಿಲ್ಲರೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಆ ಶೇ 5 ಅಂದರೆ 25 ಗ್ರಾಂ ಪ್ರೋಟೀನು. ಸಾರಿನಿಂದ ಅಲ್ಲಿಗೆ ಮುಟ್ಟುವುದಿಲ್ಲ. ತಲೆಗೆ ಒಂದು ಹಿಡಿ ಕಾಳು ಉಸಲಿಯಾಗಿ, ಒಂದು ಹಿಡಿ ಬೇಳೆ ಗಟ್ಟಿ ಹುಳಿಯಾಗಿ, ಒಂದು ಬಟ್ಟಲು ಮೊಸರು, ಒಂದಿಷ್ಟು ಶೇಂಗಾ, ಹೀಗೆ ಕೂಡಿಸಿಕೊಂಡು ಹೋಗಬೇಕು. ಮರೆಯುವ ಭಾಗ ಇನ್ನೊಂದಿದೆ: ಅಷ್ಟು ಸೇರಿಸಿದ ಮೇಲೆ ಅಕ್ಕಿ ಅಳೆಯುವ ಪಾವನ್ನು ಇಳಿಸಬೇಕು. ಸೇರಿಸಿ, ಇಳಿಸದಿದ್ದರೆ ಹೊಟ್ಟೆಯ ಸುತ್ತಳತೆ ಲೆಕ್ಕ ಇಟ್ಟುಕೊಳ್ಳುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿರುವುದೂ ಹೀಗೆಯೇ: ಧಾನ್ಯ, ಸಿರಿಧಾನ್ಯ ಎರಡೂ ಸೇರಿ ಶೇ 45 ಕ್ಯಾಲೊರಿ ಮೀರದಿರಲಿ.

ಇದಕ್ಕೆ ಹೊರಗಿನಿಂದ ಪಾಕಶಾಸ್ತ್ರ ತರಬೇಕಾಗಿಲ್ಲ. ಮಂಡ್ಯ, ಹಾಸನ, ತುಮಕೂರು ಕಡೆಯ ಬಸ್ಸಾರು ನೋಡಿ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿಯುತ್ತೇವೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬೆಂದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಏನೂ ವ್ಯರ್ಥವಿಲ್ಲ. ಧಾರವಾಡ, ವಿಜಯಪುರದ ಕಡೆ ರೊಟ್ಟಿಯ ಜೊತೆ ಹೆಸರುಕಾಳು ಪಲ್ಯ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಮೂಲಂಗಿ. ಡ್ಯಾಶ್ ಊಟದ ಪಟ್ಟಿಗೆ ಇದನ್ನು ಹೊಂದಿಸಿ ನೋಡಿ, ಹೆಚ್ಚು ಕಡಿಮೆ ಕೂಡಿಬರುತ್ತದೆ. ಉಪ್ಪೊಂದು ಕಡಿಮೆ ಮಾಡಬೇಕು, ಉಪ್ಪಿನಕಾಯಿ, ಸಂಡಿಗೆ ಸಮೇತ. ಹಿಂದೆ ಎಲ್ಲರೂ ದಿನಾ ಹೀಗೇ ಉಣ್ಣುತ್ತಿದ್ದರು ಅಂತಲೂ ಹೇಳಲಾರೆ. ಎಷ್ಟೋ ಮನೆಗಳಲ್ಲಿ ಬರೀ ಮುದ್ದೆ, ಉಪ್ಪು, ಮೆಣಸಿನಕಾಯಿಯಲ್ಲೇ ದಿನ ಕಳೆದಿದೆ. 2013ರಲ್ಲಿ ಅನ್ನಭಾಗ್ಯ ಬಂದಾಗ ಅಕ್ಕಿಯ ಚಿಂತೆ ತಪ್ಪಿದ ಸಂಸಾರಗಳನ್ನು ಕಂಡವರು ಅಕ್ಕಿಯನ್ನು ಹಗುರವಾಗಿ ಮಾತಾಡಬಾರದು. ಆದರೆ ಅಕ್ಕಿ ಅಗ್ಗವಾಗಿ, ಬೇಳೆ, ಹಾಲು, ತರಕಾರಿ ದುಬಾರಿಯಾಗಿರುವ ಊರಿನಲ್ಲಿ ತಟ್ಟೆ ಯಾವ ಕಡೆ ವಾಲುತ್ತದೆ ಅನ್ನುವುದಕ್ಕೆ ಉಣ್ಣುವವರೊಬ್ಬರನ್ನೇ ಬೈದು ಪ್ರಯೋಜನವಿಲ್ಲ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು, ಅವನ್ನೂ ಬರೆದುಬಿಡುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬರು ತಾಯಿ ಕೇಳಿದರು: "ಯಜಮಾನರಿಗೆ ಶುಗರು, ಮಗನಿಗೆ ಜಿಮ್ಮು, ಮೊಮ್ಮಗಳಿಗೆ ನೂಡಲ್ಸು. ನಾಲ್ಕು ಥರ ಮಾಡೋಳು ನಾನೊಬ್ಬಳೇ. ನೀವು ಇದಕ್ಕಿನ್ನೊಂದು ಸೇರಿಸಿದ್ರಲ್ಲ?" ಅಮ್ಮಾ, ಸೇರಿಸಬೇಡಿ. ಶುಗರ್ ಇರುವವರಿಗೆ ಅಂತ ಬೇರೆ ಅಡುಗೆ ಇಲ್ಲವೇ ಇಲ್ಲ. ನಾನು ಹೇಳಿದ ಹುಳಿ, ಉಸಲಿ, ಬಸ್ಸಾರು, ಮೊಸರು ಮೊಮ್ಮಗಳಿಗೂ ಬೇಕಾದ್ದೇ. ಒಂದೇ ಪಾತ್ರೆ, ಬಡಿಸುವ ಅನ್ನದ ಅಳತೆ ಮಾತ್ರ ಬೇರೆ. ಕಾಳು ನೆನೆಹಾಕುವುದು, ಸೊಪ್ಪು ಸೋಸುವುದು ಎರಡು ಕೆಲಸ ಯಜಮಾನರಿಗೆ ವಹಿಸಿ. ಅವರು ನಿವೃತ್ತರು, ಸಮಯ ಇದೆ.

ಇನ್ನೊಬ್ಬರು ಎದ್ದು, ಕಿಡ್ನಿ ತೊಂದರೆ ಇರುವವರೂ ಹೀಗೇ ಉಣ್ಣಬಹುದೇ ಅಂದರು. ಇಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ಏರುವ ಅಂಶ) ಏರಿದವರಿಗೆ ಪ್ರೋಟೀನಿಗೂ ಪೊಟ್ಯಾಸಿಯಂಗೂ ಮಿತಿ ಇರಬಹುದು. ಬಾಳೆಹಣ್ಣು, ಎಳನೀರು, ಸೊಪ್ಪು, ಕಾಳು ಎಲ್ಲ ಆ ಲೆಕ್ಕಕ್ಕೆ ಬರುತ್ತವೆ. ಉಪ್ಪು ಕಡಿಮೆ ಅಂತ ಹೇಳಿ ಮಾರುವ 'ಲೋ ಸೋಡಿಯಂ' ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಬಂದಿರುವುದು ಪೊಟ್ಯಾಸಿಯಮ್ಮೇ, ಅದನ್ನಂತೂ ಕೇಳದೆ ಬಳಸಬೇಡಿ. ನಿಮ್ಮ ರಿಪೋರ್ಟು ನೋಡಿದ ಡಾಕ್ಟರು ಹೇಳಿದ ಅಳತೆಯೇ ನಿಮ್ಮ ಅಳತೆ, ಇವತ್ತು ನಾನು ಇಲ್ಲಿ ಹೇಳಿದ್ದಲ್ಲ.